ಹಲಗೆಯ ಮೇಲೊಂದು ಆಟ

ವಿಡಿಯೊ ಗೇಮ್ ಮಕ್ಕಳನ್ನು ಕುಳಿತಲ್ಲಿಂದ ಏಳಗೊಡುವುದಿಲ್ಲ ಎಂಬುದು ತಂದೆತಾಯಂದಿರ ಹಳೆಯ ದೂರು. ನೆಟ್ಟಗೆ ನಿಲ್ಲಲಾಗದವರನ್ನು ಎದ್ದು ನಿಲ್ಲಿಸಲೂ ಅದೇ ಆಟ ಬಳಕೆಯಾಗಿದೆ ಎಂದರೆ ಅವರು ನಂಬಲಿಕ್ಕಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ವಿಷಯದಲ್ಲಿ ಹಾಗೆ ಆಗಿದೆ.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಕವಚವಿದೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮೆದುಳು ಮತ್ತು ಬೆನ್ನುಹುರಿಯಲ್ಲಿ ಈ ಕವಚವನ್ನು ಅಲ್ಲಲ್ಲಿ ಹಾಳುಗೆಡಹುತ್ತದೆ. ಆಗ ಮೆದುಳಿನ ಆಜ್ಞೆ ಕಾಲಿಗೆ ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ದೃಷ್ಟಿ ಮಂಜಾಗುತ್ತದೆ, ಪಾದ ಮರಗಟ್ಟುತ್ತದೆ, ನಡಿಗೆ ತೂರಾಡುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಕಾಣಿಸಿಕೊಳ್ಳುವ ಈ ರೋಗವನ್ನು 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಕೊ ಸ್ಪಷ್ಟವಾಗಿ ಗುರುತಿಸಿದ.

ದಣಿವಾದ ಮೇಲೆ ಕೆಲವು ರೋಗಿಗಳ ಕಣ್ಣು ಮಸುಕಾಗುವುದನ್ನು ಜರ್ಮನಿಯ ನೇತ್ರವೈದ್ಯ ಊಥಾಫ್ 1890ರಲ್ಲಿ ವರದಿ ಮಾಡಿದ. ಅದಕ್ಕೆ ಕಾರಣ ಮೈ ಬಿಸಿಯೇರುವುದು, ತಣಿದರೆ ತೊಂದರೆಯೂ ಇಳಿಯುತ್ತದೆ ಎಂಬುದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ‘ದಣಿಯಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ’ ಎಂಬ ಸಲಹೆ ಬೇರೂರಿಬಿಟ್ಟಿತ್ತು. ರೋಗ ಕಸಿಯದೆ ಬಿಟ್ಟ ಶಕ್ತಿಯನ್ನು ಈ ವಿಶ್ರಾಂತಿಯೇ ಕಸಿದಿರಬೇಕು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 15 ವಾರಗಳ ವ್ಯಾಯಾಮದಿಂದ ರೋಗಿಗಳ ದೇಹಬಲ ಹೆಚ್ಚುವುದನ್ನು ತೋರಿಸಿದ ಮೇಲೆ ಹಳೆಯ ಸಲಹೆ ಸಡಿಲವಾಯಿತು.

ಆದರೆ ದಿನವೂ ಒಂದೇ ವ್ಯಾಯಾಮ ಮಾಡುವ ಬೇಸರಕ್ಕೆ ಮದ್ದೇನು? ಉತ್ತರ ಬಂದದ್ದು ಜಪಾನಿನ ಆಟಿಕೆ ಕಂಪನಿಯಿಂದ. ದಿನವೂ ತನ್ನ ತೂಕ ನೋಡಿಕೊಳ್ಳುವ ಹವ್ಯಾಸವಿದ್ದ ನಿಂಟೆಂಡೊದ ಮಿಯಾಮೊಟೊ, ಅದನ್ನೇ ಆಟವಾಗಿಸುವ ಯೋಚನೆ ಮಾಡಿದ. 2007ರ ಡಿಸೆಂಬರಿನಲ್ಲಿ ‘ವೀ ಫಿಟ್’ ಹೊರಬಂತು. ಅದರ ಜೊತೆಗಿದ್ದ ಹಲಗೆಯ ನಾಲ್ಕು ಮೂಲೆಗಳಲ್ಲಿ ಭಾರ ಅಳೆಯುವ ಸಾಧನಗಳು. ಮೇಲೆ ನಿಂತವರು ಯಾವ ಕಡೆ ವಾಲಿದರೂ ಟಿ.ವಿ. ಪರದೆಯ ಮೇಲೆ ಕಾಣುತ್ತಿತ್ತು. ಮೈ ವಾಲಿಸಿ ಪರದೆಯ ಗೋಲಿಯನ್ನು ಗುಳಿಗೆ ಬೀಳಿಸಬೇಕು, ಹಿಮದ ಇಳಿಜಾರಿನಲ್ಲಿ ಜಾರಬೇಕು. ಇದು ಸಮತೋಲನದ ಕಸರತ್ತೇ. ಅಂಕಗಳ ಆಸೆಯಲ್ಲಿ ಆಡುವವರಿಗೆ ಅದು ಮರೆತುಹೋಗುತ್ತದೆ.

ರೋಮ್ ನಗರದ ಸಂಶೋಧಕರು 36 ರೋಗಿಗಳಿಗೆ ಮನೆಯಲ್ಲೇ 12 ವಾರ ಇದನ್ನು ಆಡಿಸಿ, ಸಮತೋಲನ ಸುಧಾರಿಸಿದ್ದನ್ನು 2013ರಲ್ಲಿ ಪ್ರಕಟಿಸಿದರು. ಕೆಲವರಿಗೆ ಮೊಣಕಾಲು, ಸೊಂಟ ನೋವು ಬಂದದ್ದೂ ಉಂಟು. ಮರುವರ್ಷ ಅವರದೇ ಇನ್ನೊಂದು ಅಧ್ಯಯನ ಸ್ಕ್ಯಾನ್ ಮೂಲಕ 27 ಮಂದಿಯ ಮೆದುಳನ್ನು ನೋಡಿತು. ಸಮತೋಲನಕ್ಕೆ ಸಂಬಂಧಿಸಿದ ಕಿರುಮೆದುಳಿನ ನರಮಾರ್ಗದಲ್ಲೇ ಬದಲಾವಣೆ ಕಂಡಿತು! ಏಟು ತಿಂದ ಮೆದುಳೂ ಕಲಿಯಬಲ್ಲದು ಎಂಬುದಕ್ಕೆ ಇದು ಸುಳಿವು.

ಹಾಗೆಂದು ಇದನ್ನು ಸಂಜೀವಿನಿ ಎನ್ನಲಾಗದು. ಸ್ವೀಡನ್ನಿನಲ್ಲಿ 84 ಮಂದಿಯ ಮೇಲೆ ನಡೆದು 2013ರಲ್ಲೇ ಪ್ರಕಟವಾದ ಪರೀಕ್ಷೆಯಲ್ಲಿ, ಆಡಿದವರಿಗೂ ಆಡದವರಿಗೂ ನಡುವೆ ಗಣನೀಯ ಅಂತರ ಸಿಗಲಿಲ್ಲ. ಕವಚದ ಹಾನಿಯನ್ನು ತಡೆಯುವ ಕೆಲಸ ಔಷಧಗಳದ್ದೇ. ಬೀಳುವ ಭಯವಿರುವವರಂತೂ ಫಿಸಿಯೊಥೆರಪಿಸ್ಟ್ ಹೇಳದೆ, ಹಿಡಿದುಕೊಳ್ಳಲು ಆಸರೆಯಿಲ್ಲದೆ ಇಂಥ ಹಲಗೆ ಹತ್ತಬಾರದು.

ಆ ಹಲಗೆಯ ತಯಾರಿಕೆ ಈಗ ನಿಂತಿದೆ, ಬೇರೆ ಆಟಗಳು ಬಂದಿವೆ. ರೋಮಿನವರು ಗಮನಿಸಿದ ಇನ್ನೊಂದು ಸಂಗತಿ ಮಾತ್ರ ಯಾವ ಆಟಕ್ಕೂ ಅನ್ವಯಿಸಬಹುದು. ತರಬೇತಿ ನಿಲ್ಲಿಸಿ 12 ವಾರ ಕಳೆಯುವಷ್ಟರಲ್ಲಿ, ಗಳಿಸಿದ ಲಾಭ ಉಳಿದಿರಲಿಲ್ಲ.