ಒಂದು ಬಡಿತಕ್ಕೆ ಎಷ್ಟು ಕ್ಯಾಲ್ಸಿಯಂ?

ಕಾವಿಗಿಟ್ಟ ಕೋಳಿಮೊಟ್ಟೆಯಲ್ಲಿ 33ರಿಂದ 36 ಗಂಟೆಯೊಳಗೆ ಹೃದಯ ಬಡಿಯತೊಡಗುತ್ತದೆ. ಮರಿ ಹೊರಬರಲು ಮಾತ್ರ 21 ದಿನ ಬೇಕು. ಸುಂಡಿಲಿಯ ಭ್ರೂಣದಲ್ಲಿ ಬಡಿತ ಶುರುವಾಗುವುದು ಸುಮಾರು 8ನೇ ದಿನ, ಮನುಷ್ಯರಲ್ಲಿ 22ನೇ ದಿನದ ಆಸುಪಾಸು. ಆಗಿನ್ನೂ ಹೃದಯದಲ್ಲಿ ಕವಾಟಗಳಿಲ್ಲ, ಅದಕ್ಕೆ ನರಗಳ ನಂಟೂ ಇಲ್ಲ.

ಬಡಿತಕ್ಕೆ ಕ್ಯಾಲ್ಸಿಯಂ ಬೇಕೇಬೇಕು ಎಂಬುದು 1883ರಲ್ಲಿ ಲಂಡನ್ನಿನ ನಲ್ಲಿ ನೀರಿನಿಂದ ತಿಳಿದದ್ದು. ಆ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ವೈದ್ಯ ಸಿಡ್ನಿ ರಿಂಗರ್ ಇರಿಸಿದ್ದ ಕಪ್ಪೆಯ ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಬಟ್ಟಿ ಇಳಿಸಿದ ನೀರು ಬಳಸಿದಾಗ ಸೊರಗಿ ನಿಂತಿತು. ನಲ್ಲಿ ನೀರಿನ ಹತ್ತು ಲಕ್ಷ ಪಾಲಿನಲ್ಲಿ 38 ಪಾಲು ಕ್ಯಾಲ್ಸಿಯಂ ಇತ್ತು. ಲೀಟರಿಗೆ ಹೆಚ್ಚುಕಡಿಮೆ 1 ಮಿಲಿಮೋಲ್. ರಕ್ತದಲ್ಲಿ ಬಿಡಿಯಾಗಿ ತೇಲುವ ಕ್ಯಾಲ್ಸಿಯಂ ಕೂಡ ಅಷ್ಟರ ಹತ್ತಿರವೇ. ರಿಂಗರ್‌ಗೆ ಅದೃಷ್ಟವೂ ಕೈಹಿಡಿದಿತ್ತು ಅನ್ನಬೇಕು.

ಹೃದಯದ ಕೋಶದ ಹೊರಗೆ ಇಷ್ಟಿದ್ದರೆ, ಬಡಿತ ಮತ್ತು ಬಡಿತದ ನಡುವಿನ ಬಿಡುವಿನಲ್ಲಿ ಒಳಗಿರುವುದು ಅದರ ಹತ್ತು ಸಾವಿರದಲ್ಲೊಂದು ಪಾಲು, ಲೀಟರಿಗೆ 100 ನ್ಯಾನೊಮೋಲ್. ಬಡಿಯುವಾಗ ಅದು 1000ದವರೆಗೆ ಏರಬಲ್ಲದು. 10 ಮೈಕ್ರಾನ್ ಅಡ್ಡಗಲದ ಒಂದು ಗುಂಡು ಕೋಶಕ್ಕೆ ಲೆಕ್ಕ ಹಾಕೋಣ: ಬಿಡುವಿನಲ್ಲಿ ಬಿಡಿ ಅಯಾನುಗಳು ಬರೀ 30 ಸಾವಿರ, ಬಡಿತದ ತುದಿಯಲ್ಲಿ 3 ಲಕ್ಷ. ಆದರೆ ಒಳಬಂದ ಕ್ಯಾಲ್ಸಿಯಂನಲ್ಲಿ ಬಹುಪಾಲನ್ನು ಪ್ರೋಟೀನ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ಬೆಳೆದ ಪ್ರಾಣಿಗಳ ಅಳತೆಯಂತೆ ನೂರಕ್ಕೆ ಒಂದು ಮಾತ್ರ ಬಿಡಿಯಾಗಿ ಉಳಿಯುತ್ತದೆ ಎಂದುಕೊಂಡರೆ, ಪ್ರತಿ ಬಡಿತಕ್ಕೂ ಅತ್ತಿಂದಿತ್ತ ಸಾಗಬೇಕಾದವು ಸುಮಾರು 2.7 ಕೋಟಿ ಅಯಾನುಗಳು. ಇದು ಅಂದಾಜೇ ನಿಜ, ಆದರೆ ಪ್ರಮಾಣ ತಿಳಿಯಲು ಸಾಕು.

ಶಕ್ತಿಯ ಖರ್ಚು ಬರುವುದು ಇವನ್ನು ವಾಪಸು ಕಳಿಸುವಾಗ. ಬೆಳೆದ ಕೋಶದೊಳಗೆ ಕ್ಯಾಲ್ಸಿಯಂಗೆಂದೇ ಒಂದು ಗೋದಾಮಿದೆ. ಅದರ ಪಂಪು, ಶಕ್ತಿ ಒದಗಿಸುವ ಎಟಿಪಿಯ ಒಂದು ಅಣುವಿಗೆ 2 ಅಯಾನು ತುಂಬುತ್ತದೆ. ಬೆಳೆದ ಹೆಗ್ಗಣದ ಹೃದಯದಲ್ಲಿ ಶೇ 92, ಮೊಲದಲ್ಲಿ ಶೇ 70ರಷ್ಟು ಕ್ಯಾಲ್ಸಿಯಂ ಹಿಂತಿರುಗುವುದು ಅಲ್ಲಿಗೇ. ಎಳೆಯ ಭ್ರೂಣದ ಕೋಶದಲ್ಲಿ ಈ ಗೋದಾಮು ತೀರಾ ಚಿಕ್ಕದು. ಹಾಗಾಗಿ ಕ್ಯಾಲ್ಸಿಯಂನ ಹೆಚ್ಚಿನ ಪಾಲು ಹೊರಗಿನಿಂದಲೇ ಬಂದು ಹೊರಗೇ ಹೋಗಬೇಕು. ದಾಟಿಸುವುದು ಕೋಶಪೊರೆಯ ವಿನಿಮಯ ಪ್ರೋಟೀನ್: 1 ಕ್ಯಾಲ್ಸಿಯಂ ಹೊರಗೆ, 3 ಸೋಡಿಯಂ ಒಳಗೆ. ಆ 3 ಸೋಡಿಯಂ ಹೊರಹಾಕಲು ಬೇರೊಂದು ಪಂಪಿಗೆ 1 ಎಟಿಪಿ ಬೇಕು. ಅಯಾನಿಗೆ ಅರ್ಧ ಎಟಿಪಿ ತಗಲುವ ಕಡೆ ಪೂರಾ ಒಂದು! ನಮ್ಮ ಕೋಶದಲ್ಲಿ ಬಡಿತಕ್ಕೆ 1.35 ಕೋಟಿಯ ಬದಲು 2.7 ಕೋಟಿ ಎಟಿಪಿ. ಹೃದಯ ತನ್ನ ಮೊದಲ ಬಡಿತಗಳನ್ನು ಹೊಡೆಯುವುದು ದುಬಾರಿ ದರದಲ್ಲಿ.

ಈ ವಿನಿಮಯ ಪ್ರೋಟೀನ್ ಬಡಿತಕ್ಕೂ ಮುಂಚೆಯೇ ಕೆಲಸಕ್ಕಿಳಿದಿರುತ್ತದೆ. ಸುಂಡಿಲಿ ಭ್ರೂಣಗಳಲ್ಲಿ ಹೃದಯ ಮಿಸುಕಾಡುವ ಮೊದಲೇ ಬಿಡಿಬಿಡಿ ಕೋಶಗಳಲ್ಲಿ, ಒಂದಕ್ಕೊಂದು ತಾಳಮೇಳವಿಲ್ಲದೆ, ಕ್ಯಾಲ್ಸಿಯಂ ಏರಿಳಿಯುವುದನ್ನು ಆಕ್ಸ್‌ಫರ್ಡ್ ತಂಡವೊಂದು 2016ರಲ್ಲಿ ವರದಿ ಮಾಡಿತು. ವಿನಿಮಯವನ್ನು ತಡೆದರೆ ಆ ಏರಿಳಿತವೂ ನಿಲ್ಲುತ್ತದೆ.

ಹಾಗೆಂದು ಆ ಚಿಕ್ಕ ಗೋದಾಮು ಬೇಡವೆಂದಲ್ಲ. ಗೋದಾಮಿನ ಬಾಗಿಲಿನಂತಿರುವ ರಯನೊಡಿನ್ ಗ್ರಾಹಕದ ಜೀನ್ ತೆಗೆದ ಸುಂಡಿಲಿ ಭ್ರೂಣಗಳಲ್ಲಿ ಹೃದಯ ಬಡಿಯಲು ಶುರುಮಾಡಿತು. ಆದರೆ 10ನೇ ದಿನದ ಸುಮಾರಿಗೆ ಭ್ರೂಣಗಳು ಸತ್ತವು.