ದರೋಜಿಯ ಕುರುಚಲು, ಕರಡಿ ಬೆಳೆಸಿದ ಕಾಡು

ಕಮಲಾಪುರ ದಾಟಿ ದರೋಜಿಯ ದಾರಿ ಹಿಡಿದರೆ, ತುಂಗಭದ್ರೆಯ ಕಾಲುವೆ ನೀರು ಹರಿಯುವಷ್ಟು ದೂರ ಬಾಳೆತೋಟವೂ ಕಬ್ಬಿನ ಗದ್ದೆಯೂ ಜೊತೆಗೆ ಬರುತ್ತವೆ. ನೀರಾವರಿ ಮುಗಿದದ್ದೇ ತಡ, ನೆಲದ ಬಣ್ಣವೇ ಬೇರೆ. ಕೆಂಪು ಮರಳುಮಣ್ಣು, ಸೊಂಟದೆತ್ತರದ ಮುಳ್ಳುಗಿಡ, ಯಾರೋ ಪೇರಿಸಿಟ್ಟಂತೆ ನಿಂತ ಬಂಡೆಗುಡ್ಡ. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟಿನಿಂದಲೇ ಹಂಪಿಯ ಎಷ್ಟೋ ಗುಡಿಗಳು ಎದ್ದಿವೆ. ಹಂಪಿಗೆ ಬಂದವರಲ್ಲಿ ಹೆಚ್ಚಿನವರು ಆ ಗುಡಿಗಳನ್ನಷ್ಟೇ ನೋಡಿ ತಿರುಗಿ ಹೋಗುತ್ತಾರೆ. ಅಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಕರಡಿಧಾಮದ ಗೇಟಿದೆ.

ಗೇಟಿನ ಒಳಗೆ ಮನಸ್ಸು ಬಂದ ಕಡೆ ನಡೆದಾಡುವಂತಿಲ್ಲ. ಕರಡಿಯ ಕಣ್ಣು ಅಷ್ಟು ಚುರುಕಲ್ಲ, ಮೂಗು ಚುರುಕು. ಪೊದೆಯ ತಿರುವಿನಲ್ಲಿ ಮನುಷ್ಯ ದಿಢೀರನೆ ಎದುರಾದರೆ ಅದು ಮೇಲೆರಗುತ್ತದೆ. ಹಾಗಾಗಿ ಕರಡಿ ನೋಡುವ ವೀಕ್ಷಣಾ ಗೋಪುರದವರೆಗೆ ವಾಹನದಲ್ಲೇ ಸಾಗಬೇಕು. ನಿಧಾನವಾಗಿ ಹೋದಷ್ಟೂ ಒಳ್ಳೆಯದು, ಯಾಕೆಂದರೆ ನೋಡಬೇಕಾದದ್ದೆಲ್ಲ ದಾರಿಯ ಎರಡೂ ಬದಿಗೇ ಇದೆ. ಹಳದಿ ಹೂ ಹೊತ್ತ ತಂಗಡಿ, ಅಂಟಂಟು ಎಲೆಯ ಬಂದರಿಕೆ, ಬೋರೆ, ಕಾರೆ, ಕವಳಿ, ಅಲ್ಲಲ್ಲಿ ಕಕ್ಕೆ. ಬಯಲಿನಲ್ಲಿ ಗಿಡಗಳು ವಿರಳ, ಬಂಡೆಯ ಬುಡದಲ್ಲಿ ದಟ್ಟ. ವರ್ಷಕ್ಕೆ ಬೀಳುವುದೇ ಸ್ವಲ್ಪ ಮಳೆ. ಬಂಡೆಯ ಮೇಲೆ ಬಿದ್ದ ನೀರು ಇಂಗದೆ ಜಾರಿ ಬುಡಕ್ಕೆ ಬಂದು ಸೇರುತ್ತದೆ, ಅಲ್ಲಿನ ಗಿಡಕ್ಕೆ ತನ್ನ ಪಾಲಿನ ಜೊತೆಗೆ ಬಂಡೆಯ ಪಾಲೂ ದಕ್ಕುತ್ತದೆ. ಬಂಡೆಗಳ ನಡುವಿನ ಗವಿಗಳು ಬೇಸಿಗೆಯಲ್ಲೂ ತಂಪು. ಹೆಣ್ಣು ಕರಡಿ ಮರಿ ಹಾಕುವುದು ಅಂಥ ಗವಿಗಳಲ್ಲಿ.

1994ರ ಅಕ್ಟೋಬರಿನಲ್ಲಿ ಸರ್ಕಾರ ಇಲ್ಲಿನ ಬಿಳಿಕಲ್ ಮೀಸಲು ಅರಣ್ಯದ 55.87 ಚದರ ಕಿಲೋಮೀಟರನ್ನು ಕರಡಿಗಳಿಗಾಗಿ ಧಾಮವೆಂದು ಘೋಷಿಸಿತು. ಮುಂದೆ ಬುಕ್ಕಸಾಗರದ ಅರಣ್ಯವೂ ಸೇರಿ ವಿಸ್ತೀರ್ಣ 82.72 ಚದರ ಕಿಲೋಮೀಟರ್ ಆಯಿತು. ಘೋಷಣೆಯ ಹೊತ್ತಿಗೆ ಈ ಗುಡ್ಡಗಳಲ್ಲಿ ಹಸಿರು ತೀರ ಕಡಿಮೆಯಿತ್ತು. ಸೌದೆಗೆ ಕಡಿತ, ದನ ಆಡುಗಳ ಮೇವು, ಬೇಸಿಗೆಯ ಬೆಂಕಿ, ಎಲ್ಲವೂ ಒಟ್ಟಿಗೇ ನಡೆದಿದ್ದವು. ಅರಣ್ಯ ಇಲಾಖೆ ಇವನ್ನು ತಡೆಯಿತು, ನೀರಿನ ಹೊಂಡಗಳನ್ನು ಮಾಡಿತು, ಹಣ್ಣಿನ ಗಿಡಗಳನ್ನೂ ನೆಟ್ಟಿತು. ಇವುಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ತಡೆದದ್ದೇ ಎಂದು ನನಗೆ ಅನಿಸುತ್ತದೆ. ಕುರುಚಲು ಗಿಡದ ಹೆಚ್ಚಿನ ಜೀವ ಮಣ್ಣಿನ ಕೆಳಗಿರುತ್ತದೆ. ಕಡಿದರೂ ಮೇಯಿಸಿದರೂ ಬೇರು ಬದುಕಿಕೊಂಡು ವರ್ಷವರ್ಷ ಚಿಗುರಲು ನೋಡುತ್ತದೆ, ಆ ಚಿಗುರನ್ನು ನಾವು ತಲೆಯೆತ್ತಗೊಡುವುದಿಲ್ಲ. ನಾಲ್ಕು ಮಳೆಗಾಲ ಅದರ ಪಾಡಿಗೆ ಬಿಟ್ಟರೆ ಬೋರೆಯೂ ಕಾರೆಯೂ ಯಾರ ಹಂಗಿಲ್ಲದೆ ಎದ್ದು ನಿಲ್ಲುತ್ತವೆ.

ಗೋಪುರ ಹತ್ತಿದಾಗ ಮಧ್ಯಾಹ್ನದ ಬಿಸಿಲು ಇಳಿಯತೊಡಗಿತ್ತು. ಎದುರಿಗೆ ಕರಡಿಕಲ್ಲು ಗುಡ್ಡ. ಬೆಲ್ಲ ಬೆರೆಸಿದ ಜೋಳದ ಹಿಟ್ಟನ್ನು ಸಿಬ್ಬಂದಿ ಅದರ ಬಂಡೆಗಳಿಗೆ ಮೆತ್ತಿ ಬಂದಿದ್ದರು. ಮೊದಲು ಇಳಿದದ್ದು ನವಿಲುಗಳು, ಅವುಗಳ ಹಿಂದೆ ಮುಂಗುಸಿ. "ಮಾತಾಡಬ್ಯಾಡ್ರಿ, ಬಲಕ್ಕ ನೋಡ್ರಿ" ಎಂದರು ವಾಚರ್ ಅಣ್ಣ. ಬಂಡೆಯ ನೆರಳೊಂದು ಸರಿದಂತಾಯಿತು. ತಾಯಿ ಕರಡಿ, ಬೆನ್ನ ಮೇಲೆ ಕೂದಲು ಹಿಡಿದು ಕೂತ ಎರಡು ಮರಿ. ಹುಟ್ಟಿ ಹಲವು ತಿಂಗಳವರೆಗೆ ಮರಿಗಳ ಓಡಾಟವೆಲ್ಲ ಆ ಬೆನ್ನ ಮೇಲೆಯೇ. ಹೀಗೆ ಮರಿ ಹೊತ್ತು ತಿರುಗುವುದು ಬೇರೆ ಜಾತಿಯ ಕರಡಿಗಳಲ್ಲಿ ರೂಢಿಯಿಲ್ಲ.

ಇಷ್ಟು ಹತ್ತಿರದಿಂದ ಕರಡಿಯನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ, ಆ ಮಟ್ಟಿಗೆ ಬೆಲ್ಲದ ಏರ್ಪಾಡು ಒಳ್ಳೆಯದೇ. ಆದರೆ ಕರಡಿ ಬದುಕಿರುವುದು ಈ ಬೆಲ್ಲದಿಂದಲ್ಲ. ಅದರ ಊಟ ಗುಡ್ಡದ ಆಚೆ ಬದಿಗಿದೆ. ಉದ್ದ ಉಗುರಿನಿಂದ ಹುತ್ತ ಬಗೆದು, ಧೂಳು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ಗೆದ್ದಲನ್ನು ಸದ್ದು ಕೇಳುವಂತೆ ಹೀರುತ್ತದೆ. ಅದಕ್ಕೆ ಅನುಕೂಲವಾಗಿ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಗೆದ್ದಲಿನ ಜೊತೆಗೆ ಹಣ್ಣು ಬೇಕು, ಅದೂ ಒಂದೇ ಗಿಡದ್ದಾದರೆ ಸಾಲದು. ಚಳಿಗಾಲಕ್ಕೆ ಬೋರೆ, ಬೇಸಿಗೆಗೆ ಕಕ್ಕೆಯ ಕಾಯೊಳಗಿನ ಸಿಹಿ ತಿರುಳು, ಮುಂಗಾರಿನ ಹೊಸ್ತಿಲಲ್ಲಿ ಕವಳಿ, ಮಳೆ ಹಿಂದಾದ ಮೇಲೆ ಸೀತಾಫಲ. ನಡುವೆ ಒಂದು ಗಿಡ ಇಲ್ಲವಾದರೂ ಅಷ್ಟು ವಾರ ಕರಡಿ ಹಸಿಯುತ್ತದೆ, ಹಸಿದದ್ದು ಹೊಲಕ್ಕೆ ಇಳಿಯುತ್ತದೆ.

ತಿಂದ ಹಣ್ಣಿನ ಬೀಜ ಅರಗುವುದಿಲ್ಲ. ಕಕ್ಕೆ, ಬೋರೆಯ ಗಟ್ಟಿ ಬೀಜಗಳು ಹಿಕ್ಕೆಯಲ್ಲಿ ಇಡಿಯಾಗಿ ಹೊರಬಂದು, ತಾಯಿಗಿಡದಿಂದ ದೂರದಲ್ಲಿ, ಗೊಬ್ಬರದ ಸಮೇತ ನೆಲ ಸೇರುತ್ತವೆ. ಕೂಲಿಯವರು ಗುಂಡಿ ತೋಡಲಾಗದ ಬಂಡೆಬಿರುಕಿನಲ್ಲೂ ಕರಡಿಯ ದಯೆಯಿಂದ ಗಿಡ ಏಳಬಲ್ಲದು. ಈ ಗುಡ್ಡಗಳು ಹಸಿರಾದ ಲೆಕ್ಕದಲ್ಲಿ ಕರಡಿಯ ದುಡಿಮೆಯನ್ನೂ ಬರೆಯಬೇಕು. ರಕ್ಷಣೆ ಸಿಕ್ಕಿದ್ದು ಅದೊಂದಕ್ಕೇ ಅಲ್ಲ. ಚಿರತೆ, ಮುಳ್ಳುಹಂದಿ, ಚಿಪ್ಪುಹಂದಿ, ಉಡ, ನಕ್ಷತ್ರ ಆಮೆ ಇಲ್ಲಿವೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲನ್ನು ಬಿಟ್ಟು ಬೇರೆಲ್ಲೂ ಕಾಣದ ಹಳದಿ ಕತ್ತಿನ ಪಿಕಳಾರವೂ ಇದೆ. ದಟ್ಟ ಮರದ ಕಾಡು ಬೆಳೆಸಿದರೆ ಆ ಹಕ್ಕಿಗೆ ಜಾಗವೇ ಉಳಿಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕುರುಚಲೆಂದರೆ ಕೆಟ್ಟುಹೋದ ಕಾಡು, ಮರ ನೆಟ್ಟು ಸರಿಪಡಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ದೇಶದ ಪಾಳುಭೂಮಿ ನಕಾಶೆಯಲ್ಲೂ ಕುರುಚಲು ನೆಲಕ್ಕೆ ಜಾಗ ಸಿಕ್ಕಿರುವುದು ಪಾಳಿನ ಪಟ್ಟಿಯಲ್ಲೇ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿಸಿದ ರಾಣೆಬೆನ್ನೂರಿನ ಧಾಮದಲ್ಲಿ ಬಯಲು ಕುರುಚಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ನುಂಗಿತು. ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗಿಲ್ಲ. ದರೋಜಿಗೆ ಆ ಗತಿ ಬರಲಿಲ್ಲ ಎನ್ನುವುದು ದೊಡ್ಡ ಸಮಾಧಾನ. ಇಲ್ಲಿ ಕಣ್ಣಿಡಬೇಕಾದದ್ದು ಬಳ್ಳಾರಿ ಜಾಲಿಯ ಮೇಲೆ. ಅಮೆರಿಕ ಖಂಡದಿಂದ ಸೌದೆಗೆಂದು ತಂದ ಈ ಮುಳ್ಳುಮರ, ತೇವವಿರುವ ಹಳ್ಳದ ಅಂಚನ್ನು ಮೊದಲು ಹಿಡಿದು ಊರಿನ ಗಿಡಗಳಿಗೆ ಎಡೆ ಕೊಡುವುದಿಲ್ಲ. ಕಡಿದರೆ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಬೇಕು, ಕಿತ್ತ ಜಾಗಕ್ಕೆ ಬೋರೆಯನ್ನೋ ಕವಳಿಯನ್ನೋ ಕೂಡಲೇ ತರಬೇಕು. ಸಸಿ ನೆಡುವ ಹಣದಲ್ಲಿ ಅರ್ಧವನ್ನಾದರೂ ಈ ಕೆಲಸಕ್ಕೆ ಇಡುವುದು ಲೇಸು.

ಸಂಜೆ ಆರಕ್ಕೆ ಗೋಪುರದಿಂದ ಇಳಿಯಬೇಕು. ಮರಳುವ ದಾರಿಯಲ್ಲಿ ಧಾಮದ ಗಡಿಗೆ ತಾಗಿದ ಮೆಕ್ಕೆಜೋಳ, ಶೇಂಗಾ ಹೊಲಗಳಿವೆ. ಮಂಚಿಕೆ ಹಾಕಿ ರಾತ್ರಿಯಿಡೀ ಕಾಯುವ ರೈತರಿಗೆ ಕರಡಿಯೆಂದರೆ ಭಯ, ಭಯಕ್ಕೆ ಕಾರಣವೂ ಇದೆ. ಬೆಳೆ ಹೋದವರಿಗೂ ಗಾಯಗೊಂಡವರಿಗೂ ಪರಿಹಾರ ತಡವಾದಷ್ಟು ಕರಡಿಯ ಮೇಲಿನ ಸಿಟ್ಟು ಬೆಳೆಯುತ್ತದೆ. ಧಾಮದ ಹೊರಗೂ ಇಂಥವೇ ಬಂಡೆಗುಡ್ಡಗಳಿವೆ, ಅಲ್ಲೂ ಕರಡಿಗಳಿವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು 2013ರಲ್ಲಿ ಇನ್ನೊಂದು ಕರಡಿಧಾಮ ಮಾಡಿದ್ದು ಅದಕ್ಕಾಗಿಯೇ. ಈ ಎರಡರ ನಡುವಿನ ಗುಡ್ಡಗಳಿಗೆ ಅಂಥ ಕಾವಲಿಲ್ಲ. ಕಲ್ಲಿಗೆ ಬೆಲೆಯಿರುವ ಈ ಸೀಮೆಯಲ್ಲಿ ಗುಡ್ಡ ಒಡೆದು ಹೋದರೆ ಗವಿಯೂ ಹೋಯಿತು, ಬುಡಕ್ಕೆ ನೀರಿಳಿಸುವ ಬಂಡೆಯೂ ಹೋಯಿತು. ಕಡಿದ ಬೋರೆ ಬೇರಿನಿಂದ ಮತ್ತೆ ಬಂದೀತು, ಒಡೆದ ಬಂಡೆ ಬರುವುದಿಲ್ಲ. ಆ ಗುಡ್ಡಗಳಿಗೆ ಕ್ವಾರಿ ಪರವಾನಗಿ ಕೊಡುವ ಮುನ್ನ ಅಲ್ಲಿ ಕರಡಿ ಗವಿಗಳಿವೆಯೇ ಎಂದು ಗುಡ್ಡ ಹತ್ತಿ ನೋಡಿ ಬರುವುದು ಕಡ್ಡಾಯವಾಗಬೇಕು.