ಸ್ತನ ಕ್ಯಾನ್ಸರ್ ಆಪರೇಷನ್: ತೊಟ್ಟು ಉಳಿಸಿದರೆ ಸಾಲದು, ಅದಕ್ಕೆ ರಕ್ತವೂ ಹರಿಯಬೇಕು

ಚಿತ್ರದುರ್ಗ: ಸ್ತನದಲ್ಲಿ ಗಂಟು ಕಂಡರೂ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಇಡೀ ಸ್ತನ ತೆಗೆದುಬಿಡ್ತಾರೆ ಅನ್ನೋ ಭಯ. ಆದರೆ ಈಗ ಕೆಲವರಿಗೆ ಹೊರಗಿನ ಚರ್ಮ, ತೊಟ್ಟು ಎರಡನ್ನೂ ಉಳಿಸಿ ಒಳಗಿನ ಗ್ರಂಥಿಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಖಾಲಿಯಾದ ಜಾಗಕ್ಕೆ ಸಿಲಿಕಾನ್ ಇಂಪ್ಲಾಂಟ್ ಅಥವಾ ರೋಗಿಯದ್ದೇ ಹೊಟ್ಟೆ, ಬೆನ್ನಿನ ಭಾಗದ ಮಾಂಸ-ಕೊಬ್ಬು ಇಟ್ಟು ಆಕಾರ ಕೊಡುತ್ತಾರೆ.

ಎಲ್ಲರಿಗೂ ಇದು ಆಗುವುದಿಲ್ಲ. ಕ್ಯಾನ್ಸರ್ ತೊಟ್ಟಿಗೆ ತಗುಲಿರಬಾರದು. ತೊಟ್ಟಿನ ಹಿಂದಿನ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ. ಅದರಲ್ಲಿ ಕ್ಯಾನ್ಸರ್ ಕಂಡರೆ ತೊಟ್ಟನ್ನೂ ತೆಗೆಯಬೇಕಾಗುತ್ತದೆ.

ತೊಟ್ಟು ಕಪ್ಪಾಗೋದು ಯಾಕೆ?

ಹಿರಿಯೂರು ಕಡೆಯ ರೈತರಿಗೆ ಇದು ಬೇಗ ಅರ್ಥವಾಗುತ್ತೆ. ವಾಣಿವಿಲಾಸ ಸಾಗರದ ನಾಲೆಯಲ್ಲಿ ನೀರು ಕಮ್ಮಿಯಾದರೆ ಮೊದಲು ಒಣಗುವುದು ಕೊನೆ ಭಾಗದ ಜಮೀನು. ತೊಟ್ಟೂ ಹಾಗೇ. ಗ್ರಂಥಿ ತೆಗೆದಾಗ ಅದರೊಳಗಿಂದ ಬರುತ್ತಿದ್ದ ರಕ್ತನಾಳಗಳೂ ಹೋಗುತ್ತವೆ. ಆಮೇಲೆ ಸುತ್ತಲಿನ ತೆಳು ಚರ್ಮದಿಂದ ಬರುವ ರಕ್ತವೇ ಗತಿ. ಅದು ಸಾಲದಿದ್ದರೆ ತೊಟ್ಟು, ಚರ್ಮ ಕಪ್ಪಾಗಿ ಸಾಯುತ್ತದೆ. ಗಾಯ ಮಾಯದಿದ್ದರೆ ಮುಂದಿನ ಕೀಮೋ, ರೇಡಿಯೇಷನ್ ತಡವಾಗಬಹುದು. ನಿಜವಾದ ಅಪಾಯ ಅದು.

ಸರ್ಜನ್ ಏನು ಮಾಡ್ತಾರೆ?

ತೊಟ್ಟಿನ ಸುತ್ತ ಕೊಯ್ಯುವ ಬದಲು ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ರಕ್ತದ ದಾರಿ ಹೆಚ್ಚು ಉಳಿಯುತ್ತದೆ. ಚರ್ಮವನ್ನು ತೀರಾ ತೆಳುವಾಗಿ ಬಿಡಿಸುವುದಿಲ್ಲ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಐಸಿಜಿ ಎಂಬ ಹಸಿರು ಬಣ್ಣದ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ ಅಂತ ವಿಶೇಷ ಕ್ಯಾಮೆರಾದಲ್ಲಿ ನೋಡುತ್ತಾರೆ. ಹರಿವು ಕಮ್ಮಿ ಇದ್ದರೆ ದೊಡ್ಡ ಇಂಪ್ಲಾಂಟ್ ತುರುಕದೆ, ಚರ್ಮಕ್ಕೆ ಎಳೆತ ಬೀಳದಂತೆ ಹಂತಹಂತವಾಗಿ ಹಿಗ್ಗಿಸುವ ಚೀಲ ಇಡುತ್ತಾರೆ.

ಮನೆಯವರ ಕೈಲಿರುವುದು

• ಬೀಡಿ, ಸಿಗರೇಟು ಮಾತ್ರ ಅಲ್ಲ, ಎಲೆ-ಅಡಿಕೆ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿಯೂ ರಕ್ತನಾಳ ಕುಗ್ಗಿಸುತ್ತದೆ. ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲೇ ನಿಲ್ಲಿಸಬೇಕು. ಅಭ್ಯಾಸ ಇದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.
• ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಹಿಂದೆ ಎದೆಗೆ ರೇಡಿಯೇಷನ್ ಆಗಿದ್ದರೆ ತಪ್ಪದೆ ಹೇಳಿ.
• ಮನೆಗೆ ಬಂದ ಮೇಲೆ ಬಿಸಿ ಶಾಖ ಕೊಡಬೇಡಿ. ಆ ಜಾಗದಲ್ಲಿ ಸ್ಪರ್ಶ ಗೊತ್ತಾಗದ ಕಾರಣ ಸುಟ್ಟರೂ ತಿಳಿಯುವುದಿಲ್ಲ.
• ತೊಟ್ಟು ನೀಲಿ, ಕಪ್ಪಾದರೆ, ಬೊಬ್ಬೆ ಎದ್ದರೆ, ಕೀವು ಬಂದರೆ, ಜ್ವರ ಬಂದರೆ ಮುಂದಿನ ತಾರೀಖಿನವರೆಗೆ ಕಾಯದೆ ಫೋನ್ ಮಾಡಿ. ಹೊಸದುರ್ಗ, ಹೊಳಲ್ಕೆರೆ ಹಳ್ಳಿಗಳಿಂದ ದಾವಣಗೆರೆಗೋ ಬೆಂಗಳೂರಿಗೋ ಹೋದವರು ಡಿಸ್‌ಚಾರ್ಜ್ ದಿನವೇ ಆಸ್ಪತ್ರೆ ನಂಬರ್ ಬರೆಸಿಕೊಂಡು ಬರಬೇಕು.

ಖರ್ಚಿನ ಮಾತು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಇಂಪ್ಲಾಂಟ್ ಖರ್ಚು ಅದರಲ್ಲಿ ಸೇರುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಆರೋಗ್ಯಮಿತ್ರರನ್ನು ಕೇಳಿ.

ಗಂಟು ಸಣ್ಣದಿರುವಾಗಲೇ ತೋರಿಸಿದರೆ ತೊಟ್ಟು ಉಳಿಸುವ ದಾರಿಯೂ ಹೆಚ್ಚು, ಜೀವ ಉಳಿಸುವ ದಾರಿಯೂ ಹೆಚ್ಚು.